ಹದಿಹರೆಯದವರೂ ಅಂತರ್ಜಾಲದ ಗೀಳೂ



ಮದ್ಯ, ತಂಬಾಕುಗಳಷ್ಟೇ ಚಟಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಮೊಬೈಲ್, ಗಣಕಯಂತ್ರಗಳ ಆಟದ ಗೀಳೂ ಸೇರಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಇಂತಹ ಗೀಳಿಗಾಗಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು.

ಹೆಚ್ಚು ಹೊತ್ತು ಮೊಬೈಲ್ ಹಿಡಿದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ನಿದ್ರೆ, ಊಟ, ಓದು, ಗೆಳೆತನಗಳು ಕೆಡುತ್ತಿದ್ದರೂ ಬಿಡಲಾರದ ಸ್ಥಿತಿಯು ತಿಂಗಳುಗಟ್ಟಲೆ ಮುಂದುವರಿದರೆ ಎಚ್ಚರ ವಹಿಸಬೇಕು. ಅನೇಕ ವೇಳೆ ಒಂಟಿತನವೋ ಪರೀಕ್ಷೆಯ ಭಯವೋ ಇದರ ಹಿಂದೆ ಅಡಗಿರುತ್ತದೆ. ಹೊಡೆದು ಕಸಿದುಕೊಂಡರೆ ಕದ್ದು ನೋಡುವುದು ಹೆಚ್ಚೀತೇ ಹೊರತು ಗೀಳು ಬಿಡದು.

ಊಟದ ಹೊತ್ತಿನಲ್ಲಿ, ಮಲಗುವ ಕೋಣೆಯಲ್ಲಿ ಮೊಬೈಲ್ ಬೇಡವೆಂಬ ನಿಯಮವು ಹಿರಿಯರಿಗೂ ಅನ್ವಯಿಸಲಿ. ಸಂಜೆ ಮಕ್ಕಳನ್ನು ಆಟದ ಬಯಲಿಗೆ ಕಳುಹಿಸಿರಿ. ಅವರೊಡನೆ ಕುಳಿತು ಮಾತನಾಡಿರಿ. ಅಗತ್ಯಬಿದ್ದಲ್ಲಿ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಸಂಕೋಚವಿಲ್ಲದೆ ಕರೆಮಾಡಿರಿ.