ಸ್ಲೋದಲ್ಲಿ ನಿಂತುಹೋಗುವ ದೋಣಿ ಇಂಜಿನ್

(ಸಂಘದ ಬೆಳ್ಳಿಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬತ್ತದ ತಳಿ, ಗೊಬ್ಬರ, ಸಾಲದ ಬಡ್ಡಿ ಇವುಗಳ ಬಗ್ಗೆ ಹೇಳಲು ನಮಗಿಂತ ತಿಳಿದವರು ಈ ವೇದಿಕೆಯಲ್ಲೇ ಕುಳಿತಿದ್ದಾರೆ. ನಮಗೆ ಒಪ್ಪಿಸಿರುವುದು ಇಂಜಿನ್ನಿನ ವಿಷಯ, ಅದರಲ್ಲೂ ದೋಣಿ ಇಂಜಿನ್. ಬನ್ನೂರು ಸೀಮೆಗೆ ದೋಣಿ ಇಂಜಿನ್ ಯಾತಕ್ಕೆ, ಇಲ್ಲೇನು ಸಮುದ್ರ ಇದೆಯೇ ಅಂತ ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಿದ್ದಾರೆ. ಸಮುದ್ರ ಇಲ್ಲ ಸ್ವಾಮಿ, ಕಾವೇರಿ ಇದ್ದಾಳೆ. ತಿರುಮಕೂಡಲಿನಲ್ಲಿ ಕಪಿಲೆಯೂ ಬಂದು ಸೇರುತ್ತಾಳೆ. 2018 ಮತ್ತು 2019ರ ಮಳೆಗಾಲದಲ್ಲಿ ಕಬಿನಿಯಿಂದ ನೀರು ಬಿಟ್ಟಾಗ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ಹೊಳೆ ನುಗ್ಗಿದ್ದನ್ನು, ಹೆದ್ದಾರಿಯ ಮೇಲೇ ನೀರು ನಿಂತಿದ್ದನ್ನು ತಾವೆಲ್ಲ ಬಲ್ಲಿರಿ. ಅಂಥ ಸೆಳವಿಗೆ ಹರಿಗೋಲು ತಡೆಯದು. ಹಿಂದೆ ಇಂಜಿನ್ ಕಟ್ಟಿದ ದೋಣಿಯೇ ಬೇಕು. ಕಬಿನಿ ಹಿನ್ನೀರಿನ ಪ್ರವಾಸಿ ದೋಣಿಗಳಿಗೂ, ಮಲ್ಪೆ, ಗಂಗೊಳ್ಳಿ ಕಡೆಯ ನಾಡದೋಣಿಗಳಿಗೂ ಇರುವುದು ಇದೇ ಜಾತಿಯ ಔಟ್‌ಬೋರ್ಡ್ ಇಂಜಿನ್.

ಇನ್ನೊಂದು ಮಾತು. ನಾಲೆ ನೀರು ಕಟ್ಟಿದಾಗ ಹೊಂಡದಿಂದ ಎತ್ತುವ ಪೆಟ್ರೋಲ್ ಪಂಪು, ಔಷಧಿ ಹೊಡೆಯುವ ಸ್ಪ್ರೇಯರ್, ಕಳೆ ಕತ್ತರಿಸುವ ಯಂತ್ರ ಇವೆಲ್ಲವುದರ ಹೊಟ್ಟೆಯೂ ದೋಣಿ ಇಂಜಿನ್ನಿನ ಹೊಟ್ಟೆಯೂ ಬಹುಮಟ್ಟಿಗೆ ಒಂದೇ. ಹಾಗಾಗಿ ದೋಣಿ ಇಲ್ಲದವರೂ ಸ್ವಲ್ಪ ಕಿವಿಗೊಡಿ.

ರೋಗ ಏನಪ್ಪಾ ಅಂದರೆ, ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತೆ, ಪೂರ್ತಿ ರೇಸಿನಲ್ಲಿ ಗಾಳಿ ಥರ ಓಡುತ್ತೆ, ರೇಸು ಇಳಿಸಿದ ಕೂಡಲೇ ಬುಸ್ ಅಂತ ಆಫ್ ಆಗುತ್ತೆ. ಪಂಪಿಗಾದರೆ ಇದೊಂದು ದೊಡ್ಡ ತೊಂದರೆ ಅಲ್ಲ, ಮತ್ತೆ ಹಗ್ಗ ಎಳೆದರಾಯಿತು. ದೋಣಿಗೆ ಹಾಗಲ್ಲ. ದಡ ಹತ್ತಿರ ಬಂದಾಗಲೇ ರೇಸು ಇಳಿಸಿ, ನ್ಯೂಟ್ರಲ್ ಮಾಡಿ, ರಿವರ್ಸ್ ಹಾಕಬೇಕು. ಮನೆ ಮಾಡಿನ ಮೇಲಿಂದ ಹೆಂಗಸರು ಮಕ್ಕಳನ್ನು ಇಳಿಸಿಕೊಳ್ಳುವಾಗಲೂ ದೋಣಿಯನ್ನು ಸ್ಲೋದಲ್ಲೇ ಹಿಡಿದು ನಿಲ್ಲಿಸಬೇಕು. ಆ ಗಳಿಗೆಯಲ್ಲಿ ಇಂಜಿನ್ ಸತ್ತರೆ ದೋಣಿ ನಮ್ಮದಲ್ಲ, ಹೊಳೆಯದು.

ಇದಕ್ಕೆ ಎಲ್ಲರೂ ಮಾಡುವ ಔಷಧಿ ಒಂದೇ. ಸ್ಲೋ ಸ್ಕ್ರೂ ತಿರುವಿ ಐಡ್ಲಿಂಗ್ ಏರಿಸಿಬಿಡೋದು. ಇಂಜಿನ್ ಆಮೇಲೆ ನಿಲ್ಲೋದಿಲ್ಲ, ನಿಜ. ಆದರೆ ಅದು ರೋಗಕ್ಕೆ ಔಷಧಿಯಲ್ಲ, ಜ್ವರ ಬಂದವನಿಗೆ ಕಂಬಳಿ ಹೊದಿಸಿದ ಹಾಗೆ. ಹೆಚ್ಚು ವೇಗದಲ್ಲಿ ಗೇರು ಹಾಕಿದರೆ ಒಳಗಿನ ಹಲ್ಲು ಕಟಾರ್ ಅಂತ ಹೊಡೆಯುತ್ತೆ, ದಿನ ಕಳೆದಂತೆ ಮೂಲೆ ಸವೆದು ಗೇರೇ ನಿಲ್ಲೋದಿಲ್ಲ. ದೋಣಿ ಎಗರಿ ನಿಂತವರು ನೀರಿಗೆ ಬೀಳುತ್ತಾರೆ. ಆದುದರಿಂದ ಆ ಸ್ಕ್ರೂಗೆ ಕೈ ಹಾಕೋದು ಕೊಟ್ಟಕೊನೆಗೆ.

ಒಳಗೆ ಏನು ನಡೆಯುತ್ತೆ ನೋಡಿ. ಕಾರ್ಬೊರೇಟರಿನಲ್ಲಿ ಪೆಟ್ರೋಲಿಗೆ ಎರಡು ದಾರಿ. ದೊಡ್ಡ ನಾಲೆ ಒಂದು, ಅದು ಮೈನ್ ಜೆಟ್. ಸಣ್ಣ ಬಸಿಗಾಲುವೆ ಒಂದು, ಅದು ಪೈಲಟ್ ಜೆಟ್. ರೇಸಿನಲ್ಲಿ ದೊಡ್ಡ ನಾಲೆಯೇ ಕೆಲಸ ಮಾಡುತ್ತೆ. ಸ್ಲೋದಲ್ಲಿ ಇಂಜಿನ್ ಬದುಕೋದು ಬಸಿಗಾಲುವೆಯ ಮೇಲೆ. ಅದರ ತೂತು ಕೂದಲೆಳೆಗಿಂತ ಬಹಳ ದೊಡ್ಡದೇನಲ್ಲ. ತಿಂಗಳುಗಟ್ಟಲೆ ಇಂಜಿನ್ ಮೂಲೆಯಲ್ಲಿ ನಿಂತರೆ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತೆ, ಆ ಅಂಟು ಮೊದಲು ಮುಚ್ಚೋದು ಈ ಸಣ್ಣ ತೂತನ್ನೇ. ರೇಸಿನಲ್ಲಿ ಓಡಿ ಸ್ಲೋದಲ್ಲಿ ಸಾಯುವ ಗುಟ್ಟು ಹೆಚ್ಚಿನ ಸಲ ಇಷ್ಟೇ.

ಹಾಗಂತ ಎಲ್ಲದಕ್ಕೂ ಕಾರ್ಬೊರೇಟರ್ ಬಿಚ್ಚಿ ಕೂರಬೇಡಿ. ಮೊದಲು ಚೋಕಿನ ಪರೀಕ್ಷೆ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ರೇಸು ಇಳಿಸಿ, ಸಾಯುವ ಹೊತ್ತಿಗೆ ಚೋಕನ್ನು ಅರ್ಧ ಎಳೆಯಿರಿ. ಚೇತರಿಸಿಕೊಂಡರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೆ ಎಲ್ಲಿಂದಲೋ ಕಳ್ಳಗಾಳಿ ಹೋಗುತ್ತಿದೆ. ಚೋಕು ಎಳೆದಾಗ ಇನ್ನೂ ಬೇಗ ಉಸಿರು ಕಟ್ಟಿದರೆ ಪೆಟ್ರೋಲೇ ಜಾಸ್ತಿ, ಆಗ ಫ್ಲೋಟು, ಅದರ ಸೂಜಿ ನೋಡಬೇಕು. ಈ ಒಂದು ಪರೀಕ್ಷೆಗೆ ಕಾಸು ಖರ್ಚಿಲ್ಲ, ಸ್ಪ್ಯಾನರೂ ಬೇಡ. ಅರ್ಧ ದಾರಿ ಇಲ್ಲೇ ಮುಗಿಯುತ್ತೆ.

ಸಾಲದು ಅಂತ ಗೊತ್ತಾದರೆ ಪೈಪಿನ ನಡುವೆ ಇರುವ ರಬ್ಬರ್ ಬಲ್ಬನ್ನು ಒತ್ತಿ. ಒತ್ತಿದಾಗ ಓಡಿ ಬಿಟ್ಟಾಗ ನಿಂತರೆ ತಪ್ಪು ಪೈಪಿನಲ್ಲೋ ಫ್ಯೂಯೆಲ್ ಪಂಪಿನ ಪರೆಯಲ್ಲೋ ಇದೆ. ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ಬಿಗಿಯಾಗಿದ್ದರೂ ಸ್ವಲ್ಪ ದೂರ ಓಡಿ ನಿಲ್ಲುತ್ತೆ. ಇಷ್ಟು ಸಣ್ಣ ವಿಷಯಕ್ಕೆ ಇಂಜಿನ್ನನ್ನು ಮೈಸೂರಿಗೆ ಹೊತ್ತುಕೊಂಡು ಹೋದವರುಂಟು. ಕಾರ್ಬೊರೇಟರ್ ಕೂರುವ ಜಾಗದ ಗ್ಯಾಸ್ಕೆಟ್ ಹರಿದಿದ್ದರೆ ಕಳ್ಳಗಾಳಿ ಅಲ್ಲಿಂದಲೇ.

ಆಮೇಲೆ ಪೆಟ್ರೋಲನ್ನೇ ನೋಡಿ. ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಇಳಿಸಿ ಅರ್ಧ ಗಂಟೆ ಬಿಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತೆ. ಇದು ಈಗ ಮೊದಲಿಗಿಂತ ಹೆಚ್ಚು. 2022ರಲ್ಲಿ ದೇಶದ ಪೆಟ್ರೋಲಿಗೆ ಶೇ. 10 ಎಥೆನಾಲ್ ಬೆರೆಯಿತು, 2025ರ ಹೊತ್ತಿಗೆ ಶೇ. 20 ಆಯಿತು. ನಾವು ಬೆಳೆದ ಕಬ್ಬೂ ಅದಕ್ಕೆ ಹೋಗುತ್ತೆ, ಅದು ಸಂತೋಷವೇ. ಆದರೆ ಎಥೆನಾಲಿಗೆ ನೀರಿನ ಪಸೆ ಹೀರುವ ಗುಣ ಇದೆ. ಹೊಳೆ ದಡದ ತೇವದಲ್ಲಿ ಅರ್ಧ ಖಾಲಿ ಟ್ಯಾಂಕು ತಿಂಗಳುಗಟ್ಟಲೆ ನಿಂತರೆ, ಹೀರಿದ ನೀರು ಜಾಸ್ತಿಯಾಗಿ ಎಥೆನಾಲ್ ಸಮೇತ ತಳ ಸೇರುತ್ತೆ. ಇಂಜಿನ್ ಮೊದಲು ಕುಡಿಯೋದು ತಳದ್ದನ್ನೇ. ಹಳೇ ಇಂಜಿನ್ನಿನ ರಬ್ಬರ್ ಪೈಪುಗಳನ್ನೂ ಅದು ಮೆತ್ತಗೆ ಮಾಡುತ್ತೆ.

ಪ್ಲಗ್ಗಿನ ಬಗ್ಗೆ ಎರಡೇ ಮಾತು. ಎರಡು ಸಿಲಿಂಡರಿನ ಇಂಜಿನ್ನಿನಲ್ಲಿ ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಡಿ. ಒಂದು ಒಣಗಿ ಕಂದು ಬಣ್ಣ, ಇನ್ನೊಂದು ಒದ್ದೆ ಕಪ್ಪು ಇದ್ದರೆ, ಸ್ಲೋದಲ್ಲಿ ಒಂದೇ ಸಿಲಿಂಡರ್ ದುಡಿಯುತ್ತಿದೆ. ಟೂ ಸ್ಟ್ರೋಕ್ ಇಂಜಿನ್ನಿಗೆ ಪುಸ್ತಕದಲ್ಲಿ 50ಕ್ಕೆ 1 ಅಂತ ಇದ್ದರೆ ಲೀಟರಿಗೆ 20 ಮಿ.ಲೀ. ಆಯಿಲ್, ಅಷ್ಟೇ. ಇರಲಿ ಅಂತ ಇನ್ನೊಂದು ಮುಚ್ಚಳ ಸುರಿದರೆ ಪ್ಲಗ್ಗು ಮಸಿ ಹಿಡಿಯುತ್ತೆ. ಸೀಮೆಎಣ್ಣೆಯಲ್ಲಿ ಓಡಿಸುವ ಇಂಜಿನ್ ತಣ್ಣಗಿದ್ದಾಗ ಸ್ಲೋದಲ್ಲಿ ನಿಲ್ಲದಿರುವುದು ಅದರ ಗುಣವೇ ಹೊರತು ರೋಗವಲ್ಲ. ಹಳೇ ಪಂಪುಗಳನ್ನು ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತರುತ್ತಿದ್ದ ಹಿರಿಯರು ಇಲ್ಲೇ ಇದ್ದಾರೆ, ಅವರನ್ನು ಕೇಳಿ.

ಜೆಟ್ ತೊಳೆಯಲೇಬೇಕಾಗಿ ಬಂದರೆ ಗೋಣಿ ಹೊಲಿಯುವ ಸೂಜಿ ತೂರಿಸಬೇಡಿ, ಹಿತ್ತಾಳೆ ತೂತು ದೊಡ್ಡದಾದರೆ ಜೆಟ್ಟೇ ಹೋಯಿತು. ಕ್ಲೀನರಿನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ, ಬೆಳಕಿಗೆ ಹಿಡಿದು ನೋಡಿ. ಮಿಕ್ಸ್ಚರ್ ಸ್ಕ್ರೂ ಬಿಚ್ಚುವ ಮುಂಚೆ ಮೆಲ್ಲಗೆ ಒಳಕ್ಕೆ ತಿರುವಿ, ಎಷ್ಟು ಸುತ್ತಿಗೆ ಕೂರುತ್ತೆ ಅಂತ ಎಣಿಸಿ ಗೋಡೆ ಮೇಲಾದರೂ ಬರೆದಿಡಿ. ಆ ಲೆಕ್ಕ ಕಳೆದುಕೊಂಡವನು ಪುಸ್ತಕ ಹುಡುಕಬೇಕಾಗುತ್ತೆ.

ಇಷ್ಟಾದ ಮೇಲೆ ಸ್ಲೋ ಸ್ಕ್ರೂ. ಅದನ್ನೂ ಅಂಗಳದಲ್ಲಿ ಅಲ್ಲ. ದೋಣಿಯನ್ನು ದಡಕ್ಕೆ ಎರಡು ಹಗ್ಗದಿಂದ ಬಿಗಿದು, ಇಂಜಿನ್ ಬಿಸಿ ಮಾಡಿ, ಗೇರು ಹಾಕಿ, ಪಂಖ ನೀರನ್ನು ತಳ್ಳುತ್ತಿರುವಾಗ ಹೊಂದಿಸಬೇಕು. ನ್ಯೂಟ್ರಲ್ಲಿನಲ್ಲಿ ಚೆಂದ ಓಡಿದ್ದು ಪಂಖದ ಭಾರ ಬಿದ್ದಾಗ ಸಾಯಬಹುದು. ನೀರಿಲ್ಲದೆ ಔಟ್‌ಬೋರ್ಡ್ ಓಡಿಸಿದರಂತೂ ತಂಪು ನೀರೆತ್ತುವ ಒಳಗಿನ ರಬ್ಬರ್ ಚಕ್ರ ನಿಮಿಷದಲ್ಲೇ ಸುಟ್ಟುಹೋಗುತ್ತೆ. ಹೊಸ ಇಂಜೆಕ್ಷನ್ ಇಂಜಿನ್ನುಗಳ ಮಾತು ಬೇರೆ, ಅವಕ್ಕೆ ಕಂಪ್ಯೂಟರ್ ಹಿಡಿದವರೇ ಬೇಕು.

ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ದೋಣಿಯಲ್ಲಿ ಒಂದು ಗಳ, ಎರಡು ಹುಟ್ಟು ಇರಲಿ, ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇರಲಿ.

ಊಟ ಆದ ಮೇಲೆ ಗೋದಾಮಿನ ಹಿಂದೆ ಬನ್ನಿ. ಸಂಘದ ಬಾಡಿಗೆ ಪಂಪು ಒಂದು ಇದೇ ರೋಗ ಹಿಡಿದು ಕುಳಿತಿದೆ, ಚೋಕಿನ ಪರೀಕ್ಷೆ ಮಾಡಿ ತೋರಿಸುತ್ತೇವೆ. ಬರುವವರು ಬೀಡಿ ಸಿಗರೇಟನ್ನು ಗೇಟಿನ ಆಚೆಗೇ ಮುಗಿಸಿಕೊಂಡು ಬರತಕ್ಕದ್ದು.