ಹೊಸ ಬಾಡಿಗೆ ಮನೆಯ ಬಾಗಿಲು ಮೊದಲು ತಟ್ಟುವವರು ಯಾರು?

(ಬೈರಮಂಗಲದಲ್ಲಿ ಸೇರಿದ್ದ ಯುವಕರ ಮುಂದೆ ಪ್ರೆಸ್ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಓದಿದ್ದು ಪಿ.ಯು.ಸಿ.ವರೆಗೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, 'ಮನೆ ಬಾಡಿಗೆಗೆ ಇದೆ' ಬೋರ್ಡು, ಇವು ನನ್ನ ಅನ್ನ. ಹಾಗಾಗಿ ಊರಿಗೆ ಯಾರು ಬಂದರು, ಯಾರು ಹೋದರು ಅನ್ನುವುದು ಪಂಚಾಯ್ತಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಒಂದು ಕಾಲಕ್ಕೆ ಗೃಹಪ್ರವೇಶದ ಕಾರ್ಡು ಜಾಸ್ತಿ, ಬಾಡಿಗೆ ಬೋರ್ಡು ಕಮ್ಮಿ. ಈಗ ಲೆಕ್ಕ ತಿರುವುಮುರುವಾಗಿದೆ.

ಕಾರಣ ನಿಮಗೇ ಗೊತ್ತು. 1999ರ ಡಿಸೆಂಬರಿನಲ್ಲಿ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಕಾರು ತಯಾರಾಗಲು ಶುರುವಾಯಿತು. ಅದರ ಹಿಂದೆ ಬಿಡಿಭಾಗದ ಕಾರ್ಖಾನೆಗಳು ಬಂದವು. ಅವುಗಳ ಹಿಂದೆ ಹಾವೇರಿ, ಗದಗ, ರಾಯಚೂರು, ಯಾದಗಿರಿಯ ಹುಡುಗರು ಬಂದರು. ಒಡಿಶಾ, ಬಿಹಾರ, ಅಸ್ಸಾಮಿನವರೂ ಬಂದರು. ರೇಷ್ಮೆ ಹುಳು ಸಾಕುತ್ತಿದ್ದ ಮನೆಯ ಪಕ್ಕದಲ್ಲಿ ಸಾಲಾಗಿ ರೂಮುಗಳು ಎದ್ದವು.

ಆದರೆ ಬಂದವರು ನಿಲ್ಲುತ್ತಾರೆಯೇ? ಇಲ್ಲ. ಬೆಂಗಳೂರಿನಲ್ಲಿ ಬಾಡಿಗೆಗಿರುವ ನಿಮ್ಮ ಕಥೆಯೂ ಇದೇ ಅಲ್ಲವೇ? ಹನ್ನೊಂದು ತಿಂಗಳ ಕರಾರು! ಈ ಹನ್ನೊಂದರ ಗುಟ್ಟು ಕೇಳಿ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ರಿಜಿಸ್ಟರ್ ಮಾಡಿಸಬೇಕು. ಆ ಖರ್ಚು, ಓಡಾಟ ಯಾರಿಗೆ ಬೇಕು? ಅದಕ್ಕೇ ಹನ್ನೊಂದು. ಹನ್ನೆರಡನೇ ತಿಂಗಳಿಗೆ ಬಾಡಿಗೆ ಏರುತ್ತದೆ, ಲಗೇಜ್ ಆಟೋ ಬಾಗಿಲಿಗೆ ಬರುತ್ತದೆ. ಮತ್ತೆ ಹೊಸ ಬೀದಿ, ಮತ್ತೆ ಹಾಲುಕ್ಕಿಸುವುದು, ಮತ್ತೆ ಗುರುತಿಲ್ಲದ ಮುಖಗಳು.

ಹಾಲುಕ್ಕಿದ ಆ ಮೊದಲ ಎರಡು ದಿನದ ಬಗ್ಗೆಯೇ ನಾನು ಮಾತಾಡಬೇಕೆಂದು ಬಂದಿರುವುದು.

ಹೊಸದಾಗಿ ಬಂದವರು ಮೊದಲು ಏನು ಕೇಳುತ್ತಾರೆ? ಕನ್ನಡ ಸಾಹಿತ್ಯದ ಇತಿಹಾಸವನ್ನಲ್ಲ. ನೀರು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ನಮ್ಮೂರಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ಬಸವನಗುಡಿ ಕಡೆ ಹುಟ್ಟಿದ ವೃಷಭಾವತಿ, ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ರಾಸಾಯನಿಕವನ್ನೂ ಹೊತ್ತು ಬಂದು ಬೈರಮಂಗಲದ ಕೆರೆಗೆ ಬೀಳುತ್ತಾಳೆ. ಕೆರೆ ನೊರೆ ಉಗುಳಿದ್ದನ್ನು ಟಿ.ವಿ.ಯಲ್ಲಿ ನೀವೂ ನೋಡಿದ್ದೀರಿ. ದೂರದಿಂದ ಬಂದವರಿಗೆ ಇದೇನು ಗೊತ್ತು? ಇಷ್ಟು ದೊಡ್ಡ ಕೆರೆಯಿದೆ, ನೀರಿಗೆ ಬರವಿಲ್ಲ ಅಂದುಕೊಳ್ಳುತ್ತಾರೆ. ಯಾವ ನೀರು ಕುಡಿಯಬೇಕು, ಯಾವುದನ್ನು ಮುಟ್ಟಬಾರದು, ಶುದ್ಧ ನೀರಿನ ಘಟಕ ಎಲ್ಲಿದೆ, ನಲ್ಲಿ ಎಷ್ಟು ಹೊತ್ತಿಗೆ ಬಿಡುತ್ತಾರೆ, ಇದನ್ನು ಹೇಳುವವರು ಯಾರು?

ನಾವು ಹೇಳದಿದ್ದರೆ ಕಂಟ್ರಾಕ್ಟರನ ಏಜೆಂಟ್ ಹೇಳುತ್ತಾನೆ, ಹಿಂದಿಯಲ್ಲಿ. ಅಲ್ಲಿಗೆ ಮುಗಿಯಿತು! 'ಈ ಊರಿನಲ್ಲಿ ಕೆಲಸ ನಡೆಯುವುದು ಹಿಂದಿಯಲ್ಲಿ' ಅಂತ ಅವರ ತಲೆಯಲ್ಲಿ ಅಚ್ಚು ಬೀಳುತ್ತದೆ. ಮೊದಲ ಅಚ್ಚು ಅಳಿಸುವುದು ಎಷ್ಟು ಕಷ್ಟ ಅಂತ ಪ್ರೆಸ್ಸಿನವನನ್ನು ಕೇಳಿ.

ಇನ್ನೂ ನಾಚಿಕೆಯ ಸಂಗತಿ ಹೇಳುತ್ತೇನೆ. ಯಾದಗಿರಿ ಕಡೆಯ ಹುಡುಗನೊಬ್ಬ ರೂಮು ಕೇಳಿಕೊಂಡು ಬಂದ. 'ರೂಮ್ ಖಾಲಿ ಐತೇನ್ರಿ?' ಅಂದ. ಮನೆಯ ಯಜಮಾನರು ಅವನ ಮುಖ ನೋಡಿ ಹರಕುಮುರುಕು ಹಿಂದಿಯಲ್ಲಿ ಉತ್ತರ ಕೊಟ್ಟರು. ಹುಡುಗ, 'ನಾನೂ ಕನ್ನಡದವನೇ ರೀ' ಅಂದ. ಅಲ್ಲಿದ್ದವರು ಅವನ ಮಾತಿನ ಧಾಟಿ ಅಣಕಿಸಿ ನಕ್ಕರು. ಸ್ವಂತ ರಾಜ್ಯದಲ್ಲೇ ಅವನು ಪರದೇಶಿಯಾದ. ಬೀದಿಯಲ್ಲಿ ಬಾವುಟ ಹಿಡಿದು ಜೈಕಾರ ಹಾಕುವ ನಾವು, ಪಕ್ಕದ ರೂಮಿನ ಕನ್ನಡಕ್ಕೆ ನಕ್ಕರೆ ಅದು ಯಾವ ಅಭಿಮಾನ?

ಇದಕ್ಕೆ ಎದುರಾದ ಸಂಗತಿಯೂ ನಮ್ಮಲ್ಲೇ ನಡೆದಿದೆ. ಒಡಿಶಾದ ಒಂದು ಸಂಸಾರ ರೂಮಿಗೆ ಬಂತು. ಗಂಡನಿಗೆ ರಾತ್ರಿ ಪಾಳಿ. ಪಕ್ಕದ ಮನೆಯ ಹೆಂಗಸು ಮೊದಲ ದಿನವೇ ಒಂದು ಕೊಡ ನೀರು ಕೊಟ್ಟು, ತನ್ನನ್ನು ತೋರಿಸಿ 'ಅಕ್ಕ' ಅಂತ ಹೇಳಿಕೊಟ್ಟಳು. ಅಷ್ಟೇ ಪಾಠ. ತಿಂಗಳೊಳಗೆ ಒಂದು ನಡುರಾತ್ರಿ ಮಗುವಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂತು. ಆ ತಾಯಿಗೆ ಬೇರೆ ಕನ್ನಡ ಬಾರದು. ಬಾಗಿಲು ಬಡಿದು 'ಅಕ್ಕಾ!' ಅಂತ ಕೂಗಿದಳು. ಬಾಗಿಲು ತೆರೆಯಿತು, ಆಟೋ ಬಂತು, ಮಗು ಉಳಿಯಿತು. ಇವತ್ತು ಆ ತಾಯಿ ಅಂಗಡಿಯಲ್ಲಿ ಸೊಪ್ಪಿಗೆ ಚೌಕಾಶಿ ಮಾಡುವುದು ಕನ್ನಡದಲ್ಲಿ.

'ಅವರು ನಮ್ಮ ನಾಡಿಗೆ ಬಂದಿದ್ದಾರೆ, ಅವರೇ ಕಲಿಯಲಿ, ನಾವೇಕೆ ಅವರ ಬಾಗಿಲಿಗೆ ಹೋಗಬೇಕು?' ಅಂತ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರ ಹತ್ತಿರ ಕಲಿಯಬೇಕು? ಬೋರ್ಡು ನೋಡಿ ಅಕ್ಷರ ಕಲಿಯಬಹುದು, ಮಾತು ಕಲಿಯಲು ಎದುರಿಗೊಬ್ಬ ಮನುಷ್ಯ ಬೇಕು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗಿರೀಶ್ ಕಾರ್ನಾಡರದು ಕೊಂಕಣಿ. 1973ರಲ್ಲಿ ಬೇಂದ್ರೆ, 1983ರಲ್ಲಿ ಮಾಸ್ತಿ, 1998ರಲ್ಲಿ ಕಾರ್ನಾಡ್ ಕನ್ನಡಕ್ಕೆ ಜ್ಞಾನಪೀಠ ತಂದರು. ಮನೆಯೊಳಗೆ ಬೇರೆ ಮಾತಿದ್ದರೂ ಹೊಸ್ತಿಲು ದಾಟಿದರೆ ಬೀದಿ ಕನ್ನಡ ಆಡುತ್ತಿತ್ತು. ಬೀದಿಯೇ ಬಾಯಿ ಮುಚ್ಚಿಕೊಂಡರೆ ಹೊಸಬರು ಕಲಿಯುವುದು ಎಲ್ಲಿ?

ಇನ್ನೊಂದು ಮಾತು. 2025ರಲ್ಲಿ ಬಿಡದಿ ಟೌನ್‌ಶಿಪ್‌ಗೆಂದು ಬೈರಮಂಗಲ, ಕಂಚುಗಾರನಹಳ್ಳಿ ಪಂಚಾಯ್ತಿಗಳ ಒಂಬತ್ತು ಹಳ್ಳಿಗಳ ಜಮೀನಿಗೆ ಅಧಿಸೂಚನೆ ಹೊರಟಿತು. ರೈತರು ಧರಣಿ ಕೂತರು. ಜಮೀನು ಹೋದರೆ ತಲೆಮಾರುಗಳಿಂದ ಇಲ್ಲೇ ಬೇರು ಬಿಟ್ಟವರೂ ಗಂಟುಮೂಟೆ ಕಟ್ಟಬೇಕಾದೀತು. ನಾಳೆ ಯಾವುದೋ ಬೀದಿಯಲ್ಲಿ ಹೊಸಬರಾಗಿ ನಿಲ್ಲುವವರು ನಾವೇ ಆಗಬಹುದು. ಅಲ್ಲಿ ಯಾರಾದರೂ ಬಂದು ಬಾಗಿಲು ತಟ್ಟಲಿ ಅಂತ ಬಯಸುವುದಿಲ್ಲವೇ?

ಹಾಗಾದರೆ ಮಾಡಬೇಕಾದ್ದೇನು? ಕಮಿಟಿ ಬೇಡ, ವೇದಿಕೆ ಬೇಡ, ಹಾರತುರಾಯಿ ಬೇಡ.

ಒಂದು: ಲಗೇಜ್ ಇಳಿದ ಎರಡು ದಿನದೊಳಗೆ ಹೋಗಿ ಮಾತಾಡಿಸಿ. ಮಂಚದ ಒಂದು ತುದಿ ಹಿಡಿದರೂ ಸಾಕು.

ಎರಡು: ಮೊದಲ ಮಾತು ಕನ್ನಡದಲ್ಲೇ ಇರಲಿ. ನಿಧಾನವಾಗಿ, ಕೈ ತೋರಿಸಿ ಹೇಳಿ. ಅರ್ಥವಾಗದಿದ್ದರೆ ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿ, ಮತ್ತೆ ಕನ್ನಡದಲ್ಲಿ ಹೇಳಿ. ಗದರಬೇಡಿ. ಗದರಿಸಿ ಕಲಿಸಿದ ಮಾತು ಬಾಯಿಗೆ ಬರುವುದಿಲ್ಲ.

ಮೂರು: ಧಾರವಾಡ, ಕಲಬುರಗಿ, ಮಂಗಳೂರು, ಯಾವ ಕನ್ನಡವೇ ಬರಲಿ, ನಗಬೇಡಿ.

ನಾಲ್ಕು: ನೀವೇ ಹೊಸ ಮನೆಗೆ ಹೋದವರಾದರೆ, ಯಾರಾದರೂ ಬರಲಿ ಅಂತ ಕಾಯಬೇಡಿ. ನೀವೇ ಹೋಗಿ ಹೆಸರು ಹೇಳಿ.

ನನ್ನ ಪಾಲಿನದ್ದನ್ನು ನಾನು ಮಾಡುತ್ತೇನೆ. ಅರ್ಧ ಹಾಳೆಯ ಒಂದು ಕರಪತ್ರ. ಒಂದು ಬದಿಯಲ್ಲಿ ನಿಮ್ಮ ಬೀದಿಯ ನೀರಿನ ಹೊತ್ತು, ಕಸದ ಗಾಡಿಯ ಹೊತ್ತು, ಕೊನೇ ಬಸ್ಸು, ಆಸ್ಪತ್ರೆಯ ದಾರಿ. ಇನ್ನೊಂದು ಬದಿಯಲ್ಲಿ ಇಪ್ಪತ್ತು ಕನ್ನಡ ಮಾತು: ನೀರು, ಹಾಲು, ಎಷ್ಟು, ಬನ್ನಿ, ಅಣ್ಣ, ಅಕ್ಕ. ವಿವರ ಬರೆದು ತನ್ನಿ, ಅಚ್ಚಿನ ಖರ್ಚು ನನ್ನದು. ಹಂಚುವ ಕೆಲಸ ನಿಮ್ಮದು. ಆದರೆ ಬಾಗಿಲ ಸಂದಿಯಲ್ಲಿ ತೂರಿಸಿ ಬರಬೇಡಿ. ಬಾಗಿಲು ತಟ್ಟಿ, ಕೈಗೆ ಕೊಟ್ಟು, ಎರಡು ಮಾತಾಡಿ ಬನ್ನಿ.

ಯಾವ ಬೀದಿಯವರು ಮೊದಲು ಬರುತ್ತೀರೋ ನೋಡೋಣ.