ಹಲಗೆಯ ಮೇಲಿನ ನಾಲ್ಕು ನಿಮಿಷ ನಲವತ್ತೊಂದು ಸೆಕೆಂಡು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಭಾಷಣ ಮಾಡಿ ರೂಢಿ ಇಲ್ಲ. ಇಪ್ಪತ್ನಾಲ್ಕು ವರ್ಷ ಬಸ್ಸಿನ ಸ್ಟೇರಿಂಗ್ ಹಿಡಿದವನು ನಾನು. ಐವತ್ತು ಜನ ನನ್ನ ಹಿಂದೆ ಕುಳಿತಿರುವುದು ರೂಢಿ, ಹೀಗೆ ಮುಂದೆ ಕುಳಿತಿರುವುದಲ್ಲ. ತಪ್ಪಿದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ.

ಹೆಡ್ ಮಾಸ್ತರರ ಕೋಣೆಯಲ್ಲಿ ಒಂದು ಕಪ್ಪು ಹಲಗೆ ಇದೆ. ಅದರ ಮೇಲೆ ಶಾಲೆಯ ಕ್ರೀಡಾ ದಾಖಲೆಗಳನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ. ನಾಲ್ಕನೆಯ ಸಾಲು ನನ್ನದು. 1500 ಮೀಟರ್, 4 ನಿಮಿಷ 41 ಸೆಕೆಂಡು, 1990. ನನ್ನ ಹೆಸರು ಬರೆದಿರುವ ಜಾಗ ಈ ಲೋಕದಲ್ಲಿ ಮೂರು: ರೇಷನ್ ಕಾರ್ಡು, ಡ್ಯೂಟಿ ಪಟ್ಟಿ ಮತ್ತು ಈ ಹಲಗೆ. ಮೂರನೆಯದನ್ನು ನೋಡಿದಾಗ ಮಾತ್ರ ಎದೆ ಒಂದು ಗೇಣು ಉಬ್ಬುತ್ತಿತ್ತು.

ಕಳೆದ ವರ್ಷ ಮಹೋತ್ಸವದ ಪಟ್ಟಿ ಕೊಡಲು ಶಾಲೆಗೆ ಬಂದಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಹಲಗೆ ನೋಡಿ, ನನ್ನನ್ನು ನೋಡಿ, ನನ್ನ ಹೊಟ್ಟೆಯನ್ನೂ ನೋಡಿದಳು. “ಕಾಕಾರ, ಇದು ನಿಮ್ಮ ಹೆಸರೇನ್ರಿ?” ಅಂದಳು. “ಹೌದವಾ” ಅಂದೆ. “ಖರೇನ ಓಡೀರೇನ್ರಿ? ನಮ್ಮ ಹುಡುಗರಿಗೆ ಐದು ಮಿಂಟಿನ ಮ್ಯಾಲೆ ಹತ್ತತೈತ್ರಿ. ಒಮ್ಮೆ ಓಡಿ ತೋರಸ್ರೆಲ್ಲ.” ಹಿಂದೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೆ ಆರು ತಿಂಗಳು ಮುಂಚೆ ನನಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾಗಿತ್ತು. ನಡೆಯಿರಿ ಅಂತ ಡಾಕ್ಟರು ಹೇಳಿದ್ದರು, ನಾನು ನಡೆದಿರಲಿಲ್ಲ. ಮರುದಿನ ಅವರ ಹತ್ತಿರ ಹೋಗಿ ಓಡಲೇನ್ರಿ ಅಂದೆ. ಅವರು ಇಸಿಜಿ ತೆಗೆಸಿ, ಮೊದಲ ತಿಂಗಳು ಬರೀ ನಡಿಗೆ ಅಂತ ಕರಾರು ಹಾಕಿ ಬಿಟ್ಟರು. ಮಲಪ್ರಭಾ ಕಾಲುವೆಯ ದಂಡೆಯ ಮೇಲೆ ಬೆಳಗಿನ ಐದಕ್ಕೆ ಶುರು ಮಾಡಿದೆ. ಹೆಂಡತಿ, “ವಯಸ್ಸಿಗೆ ತಕ್ಕಂಗ ಇರ್ರಿ, ಮಂದಿ ನಗ್ತಾರ” ಅಂದಳು. ಮಂದಿ ನಕ್ಕರು. ಕಾರ ಹುಣ್ಣಿವೆ ಹತ್ತಿರ ಇತ್ತು. ಈ ಸಲ ಕರಿ ಹರಿಯೋದು ಇವನೇ ಅಂತ ಚಹಾದಂಗಡಿಯಲ್ಲಿ ಮಾತಾಯಿತಂತೆ.

ಮೂರನೆಯ ತಿಂಗಳು ಮೀನಖಂಡ ಹಿಡಿದುಕೊಂಡು ಹದಿನೈದು ದಿನ ಕುಂಟಿದೆ. ತಪ್ಪು ನನ್ನದೇ. ಎದೆಗಿಂತ ಮುಂಚೆ ನೆನಪು ಓಡಲು ಹೊರಟಿತ್ತು. ಹದಿನಾರರ ಹುಡುಗನ ಎದೆ ನಿಮಿಷಕ್ಕೆ ಇನ್ನೂರರ ಮೇಲೆ ಬಡಿಯಬಲ್ಲದು. 220ರಲ್ಲಿ ವಯಸ್ಸು ಕಳೆದರೆ ಸುಮಾರು ಲೆಕ್ಕ ಸಿಗುತ್ತದೆ ಅಂತಾರೆ. ಹಾಗೆ ನೋಡಿದರೆ ನಲವತ್ತೊಂಬತ್ತರ ನನ್ನದು 171ಕ್ಕೆ ನಿಂತಿತು. ಕೂತು ಕೆಲಸ ಮಾಡುವವರ ದೇಹಕ್ಕೆ ಉಸಿರನ್ನು ಬಳಸಿಕೊಳ್ಳುವ ಶಕ್ತಿ ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಓಟ ಬಿಡದೆ ಇದ್ದವರಿಗೆ ಅಷ್ಟು ಇಳಿಯುವುದಿಲ್ಲ. ಐರ್ಲೆಂಡಿನ ಏಮನ್ ಕಾಗ್ಲನ್ ಎಂಬುವರು 1994ರಲ್ಲಿ, ತಮ್ಮ ನಲವತ್ತೊಂದನೆಯ ವಯಸ್ಸಿನಲ್ಲಿ, ಒಂದು ಮೈಲನ್ನು 3 ನಿಮಿಷ 58 ಸೆಕೆಂಡಿನಲ್ಲಿ ಓಡಿದರು. ನಲವತ್ತು ದಾಟಿದವರಲ್ಲಿ ನಾಲ್ಕು ನಿಮಿಷದ ಒಳಗೆ ಬಂದವರು ಅವರೇ ಮೊದಲು. ಆದರೆ ಅವರು ನಡುವೆ ಇಪ್ಪತ್ನಾಲ್ಕು ವರ್ಷ ಬಸ್ಸು ಹೊಡೆದಿರಲಿಲ್ಲ.

ಕಾಲು ಸುಧಾರಿಸಿದ ಮೇಲೆ ಶಾಲೆಯ ಮೈದಾನಕ್ಕೆ ಬಂದೆ. ನಮ್ಮ ಕಾಲದ ಸುತ್ತು ಈಗಲೂ ಇದೆ. ಅವತ್ತು ಹುಗಿದ ಕಲ್ಲುಗಳು ಅಲುಗಾಡಿಲ್ಲ. 200 ಮೀಟರಿನ ಸುತ್ತು, ಏಳೂವರೆ ಸುತ್ತು ಹಾಕಿದರೆ 1500. ಮಗ ತನ್ನ ಮೊಬೈಲನ್ನು ನನ್ನ ತೋಳಿಗೆ ಕಟ್ಟಿದ. ಓಡಿ ಮುಗಿಸಿ ನೋಡಿದರೆ ಅದು 1.44 ಕಿಲೋಮೀಟರ್ ಅಂತ ತೋರಿಸಿತು. ಮರುದಿನ 1.43, ಅದರ ಮರುದಿನ ಮತ್ತೆ 1.44. ನಾನು ಮೊಬೈಲನ್ನೇ ಬೈದೆ. ಸಣ್ಣ ತಿರುವಿನಲ್ಲಿ ಅದು ಲೆಕ್ಕ ತಪ್ಪುವುದು ಉಂಟು.

ಆದರೂ ಮನಸ್ಸು ಕೇಳಲಿಲ್ಲ. ಮನೆ ಕಟ್ಟುವ ಮೇಸ್ತ್ರಿಯ ಹತ್ತಿರ ಉಕ್ಕಿನ ಟೇಪು ಇಸಿದುಕೊಂಡು ಬಂದು, ಹತ್ತನೆಯ ತರಗತಿಯ ಇಬ್ಬರು ಹುಡುಗರನ್ನು ಕರೆದು ಅಳತೆ ಹಿಡಿದೆವು. ನೇರ ಓಟದ ಎರಡು ಬದಿ ತಲಾ 45 ಮೀಟರ್ ಸರಿಯಾಗಿ ಬಂತು. ತಿರುವು ಅರ್ಧ ವೃತ್ತ. ಓಡುವವನ ಹೆಜ್ಜೆ ಸುಣ್ಣದ ಗೆರೆಯ ಮೇಲೆ ಬೀಳುವುದಿಲ್ಲ, ಅದರಿಂದ ಒಂದು ಗೇಣು ಹೊರಗೆ ಬೀಳುತ್ತದೆ. ಅದನ್ನೂ ಹಿಡಿದರೆ ತ್ರಿಜ್ಯ 17.5 ಮೀಟರ್ ಇರಬೇಕು. ಇದ್ದದ್ದು 16.25. ಹುಡುಗ ಮಣ್ಣಿನ ಮೇಲೆ ಕಡ್ಡಿಯಿಂದಲೇ ಲೆಕ್ಕ ಹಾಕಿದ. “ಕಾಕಾರ, ಒಂದು ಸುತ್ತು 192 ಐತ್ರಿ” ಅಂದ. ಏಳೂವರೆ ಸುತ್ತಿಗೆ 1440. ಅರವತ್ತು ಮೀಟರ್ ಕಡಿಮೆ.

ಆಗ ಮೂಡಣ ಬದಿಗೆ ಹೊಲದ ಬದು ಇತ್ತು. ನಮ್ಮ ದೈಹಿಕ ಶಿಕ್ಷಣದ ಸರ್ ಬದು ತಪ್ಪಿಸಲು ತಿರುವನ್ನು ಒಳಗೆ ತೆಗೆದುಕೊಂಡಿರಬೇಕು. ಅವರಿಗೆ ಅದು ಗೊತ್ತಿತ್ತೋ ಇಲ್ಲವೋ ಕೇಳಲು ಈಗ ಅವರಿಲ್ಲ. ಎರೆ ನೆಲದಲ್ಲಿ ಮಳೆ ಬಂದಾಗ ಮೊಣಕಾಲು ಕೆಸರು, ಬೇಸಿಗೆಯಲ್ಲಿ ಕಾಲು ಹೋಗುವಂಥ ಬಿರುಕು. ಅಂಥ ಜಾಗದಲ್ಲಿ ಅವರು ತಾವೇ ಸಲಿಕೆ ಹಿಡಿದು ಮೈದಾನ ಮಾಡಿದವರು. ಅವರ ಮೇಲೆ ನನ್ನದು ಒಂದು ದೂರೂ ಇಲ್ಲ.

ಅಂದ ಮೇಲೆ ಹಲಗೆಯ 4 ನಿಮಿಷ 41 ಸೆಕೆಂಡು 1440 ಮೀಟರಿನದು. ಅದೇ ವೇಗದಲ್ಲಿ ಉಳಿದ ಅರವತ್ತು ಮೀಟರಿಗೆ ಇನ್ನು ಹನ್ನೆರಡು ಸೆಕೆಂಡು ಬೇಕು. 4 ನಿಮಿಷ 53. ಲೆಕ್ಕ ಮುಗಿದದ್ದೇ ನಾನು ಅಲ್ಲಿಯೇ ನೆಲಕ್ಕೆ ಕುಳಿತುಬಿಟ್ಟೆ. ದಾಖಲೆ ಹೋಯಿತು ಅಂತ ಕುಳಿತೆ ಅಂದುಕೊಂಡು ಹುಡುಗರು ನೀರು ತಂದುಕೊಟ್ಟರು. ಕಾರಣ ಬೇರೆ ಇತ್ತು. ಇದುವರೆಗೆ ಯಾರಿಗೂ ಹೇಳಿಲ್ಲ.

1990ರ ನವೆಂಬರಿನಲ್ಲಿ ನಾನು ತಾಲೂಕು ಗೆದ್ದು ಜಿಲ್ಲಾ ಕ್ರೀಡಾಕೂಟಕ್ಕೆ ಧಾರವಾಡಕ್ಕೆ ಹೋದೆ. ನಮ್ಮಪ್ಪ ಹೆಸರು ಮಾರಿದ ರೊಕ್ಕದಲ್ಲಿ ಹುಬ್ಬಳ್ಳಿಯಿಂದ ಕ್ಯಾನ್ವಾಸ್ ಬೂಟು ತಂದುಕೊಟ್ಟಿದ್ದ. ಅಲ್ಲಿ 400 ಮೀಟರಿನ ದೊಡ್ಡ ಸುತ್ತು. ಐದನೆಯವನಾಗಿ ಬಂದೆ. ಸಮಯ 4 ನಿಮಿಷ 54. ಊರಲ್ಲಿ 4.41 ಓಡಿದವನು ಹದಿಮೂರು ಸೆಕೆಂಡು ಎಲ್ಲಿ ಕಳೆದೆ ಅಂತ ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಅದೇ ಯೋಚನೆ. ಮನೆಗೆ ಬಂದು ಬೂಟು ಒಗೆದು, “ಇವೇ ಕೆಡಿಸಿದವು” ಅಂದೆ. ಅಪ್ಪ ಏನೂ ಅನ್ನಲಿಲ್ಲ. ಬೂಟು ಎತ್ತಿ ಧೂಳು ಕೊಡವಿ ಮಾಡದಲ್ಲಿ ಇಟ್ಟ. ಆಮೇಲೆ ಎಷ್ಟೋ ವರ್ಷ ಯಾರಾದರೂ ನನ್ನ ಓಟದ ಮಾತು ತೆಗೆದರೆ, “ನಾನs ತಪ್ಪು ಮಾಡಿದ್ಯಾ, ಬರಿಗಾಲಿಲೇ ಬಿಡಬೇಕಿತ್ತು” ಅನ್ನುತ್ತಿದ್ದ. ನಾನು ಅವತ್ತಿನಿಂದ ಓಟ ಬಿಟ್ಟೆ. ದೊಡ್ಡ ಊರಲ್ಲಿ ಅಂಜುಬುರುಕ ಅಂತ ನನಗೆ ನಾನೇ ಹೆಸರಿಟ್ಟುಕೊಂಡಿದ್ದೆ.

ಊರಲ್ಲಿ 4.53, ಧಾರವಾಡದಲ್ಲಿ 4.54. ನಾನು ಅಲ್ಲಿಯೂ ಇದ್ದಷ್ಟೇ ಓಡಿದ್ದೆ. ಬೂಟಿನದು ತಪ್ಪೇನೂ ಇರಲಿಲ್ಲ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು.

ಅಳತೆ ಅಂದರೆ ಸಣ್ಣ ಮಾತಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡಬಿದಿರೆ ಕಡೆಯ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನಿಮಗೆಲ್ಲ ನೆನಪಿರಬೇಕು. ಮಂದಿ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಅಂದರು, ಉಸೇನ್ ಬೋಲ್ಟರ 9.58 ಮುರಿಯಿತು ಅಂದರು. ಕ್ರೀಡಾ ಪ್ರಾಧಿಕಾರದಿಂದ ಪರೀಕ್ಷೆಗೆ ಕರೆಯೂ ಬಂತು. ನನಗೆ ಕಂಬಳವೇ ಸಾಕು ಅಂತ ಗೌಡರು ಸುಮ್ಮನಾದರು. ನನಗೆ ಅವರ ಮೇಲೆ ಬಹಳ ಗೌರವ. ಕೆಸರುಗದ್ದೆಯ ಓಟ ಕೆಸರುಗದ್ದೆಯದು, ಬರ್ಲಿನ್ನಿನದು ಬರ್ಲಿನ್ನಿನದು.

ಈಗ ಬದು ಇಲ್ಲ, ಮೈದಾನ ಸಮ ಮಾಡಿದ್ದಾರೆ. ಹುಡುಗರೂ ನಾನೂ ಕೂಡಿ 17.5 ಹಿಡಿದು ಹೊಸದಾಗಿ ಸುಣ್ಣ ಹಾಕಿದ್ದೇವೆ. ಅದರ ಮೇಲೆ ನನ್ನ ಮೊದಲ ಓಟ 6 ನಿಮಿಷ 12. ನಾಲ್ಕು ತಿಂಗಳಾದ ಮೇಲೆ 5.48. ಹೋದ ವಾರ 5.26. ಅಂದರೆ ಧಾರವಾಡದ ಹುಡುಗ ನನಗಿಂತ ಇನ್ನೂ ಮೂವತ್ತೆರಡು ಸೆಕೆಂಡು ಮುಂದಿದ್ದಾನೆ. ಅವನನ್ನು ಹಿಡಿಯುತ್ತೇನೆ ಅಂತ ಈ ವೇದಿಕೆಯ ಮೇಲೆ ಹೇಳುವ ಧೈರ್ಯ ನನಗಿಲ್ಲ. ಸಕ್ಕರೆಯ ಗುಳಿಗೆ ಬಿಟ್ಟಿಲ್ಲ, ಡಾಕ್ಟರು ಒಂದನ್ನು ಕಡಿಮೆ ಮಾಡಿದ್ದಾರೆ, ಅಷ್ಟೇ. ನನ್ನನ್ನು ಕೆಣಕಿದ ಆ ಹುಡುಗಿ ಇದೇ ಸುತ್ತಿನಲ್ಲಿ 5.39 ಓಡುತ್ತಾಳೆ. ಮುಂದಿನ ವರ್ಷ ನನ್ನನ್ನು ಹಿಂದೆ ಹಾಕುವುದು ನಿಶ್ಚಿತ.

ಹೆಡ್ ಮಾಸ್ತರರಲ್ಲಿ ಒಂದು ವಿನಂತಿ. ಹಲಗೆಯ ನಾಲ್ಕನೆಯ ಸಾಲು ಅಳಿಸಿಸಿರಿ. ಅದು ನಮ್ಮ ಸರ್ ಬರೆಸಿದ್ದು, ಇರಲಿ ಅಂತ ಗೆಳೆಯರು ಅನ್ನುತ್ತಾರೆ. ಇರುವುದಾದರೆ 1500 ತೆಗೆದು 1440 ಅಂತ ಬರೆಸಿರಿ. ಬಣ್ಣದ ಖರ್ಚು ನನ್ನದು.

ಬರುವ ಭಾನುವಾರ ನನಗೆ ಡ್ಯೂಟಿ ಇಲ್ಲ. ಬೆಳಗಿನ ಆರಕ್ಕೆ ಮತ್ತೆ ಓಡುವವನಿದ್ದೇನೆ. ಅಪ್ಪ ತಂದ ಬೂಟು ಮಾಡದಿಂದ ಅಟ್ಟಕ್ಕೆ ಹೋಗಿತ್ತು. ಮೊನ್ನೆ ಹುಡುಕಿದೆ, ಅಡಿ ಪುಡಿಯಾಗಿದೆ, ಹಾಕಿಕೊಳ್ಳಲು ಬರುವಂತಿಲ್ಲ. ವಾಚು ಹಿಡಿಯಲು ಒಬ್ಬರು ಬೇಕು, ಯಾರಾದರೂ ಬಿಡುವಾಗಿದ್ದರೆ ಬರ್ರಿ.